ಗೆರೆಯಿಲ್ಲದ ಹೆದ್ದಾರಿಯಲ್ಲಿ ಹಡಗು ಕಾಯುವವರು

2021ರ ಏಪ್ರಿಲ್ 13ರ ಬೆಳಗಿನ ಜಾವ. ಮಂಗಳೂರು ತೀರದಿಂದ ಸುಮಾರು 43 ನಾಟಿಕಲ್ ಮೈಲಿ, ಅಂದರೆ ಹತ್ತಿರ ಹತ್ತಿರ 80 ಕಿಲೋಮೀಟರ್ ದೂರದ ಕಡಲಲ್ಲಿ, ಕೇರಳದ ಬೇಪೂರಿನಿಂದ ಹೊರಟಿದ್ದ ‘ರಬಾ’ ಎಂಬ ಮೀನುಗಾರಿಕೆ ಬೋಟಿಗೂ ಸಿಂಗಪುರದಲ್ಲಿ ನೋಂದಣಿಯಾದ ‘ಎಪಿಎಲ್ ಲೆ ಹಾವ್ರ್’ ಎಂಬ ಕಂಟೈನರ್ ಹಡಗಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದವರು ಹದಿನಾಲ್ಕು ಮಂದಿ. ಹೆಚ್ಚಿನವರು ತಮಿಳುನಾಡು ಮತ್ತು ಪಶ್ಚಿಮ ಬಂಗಾಳದಿಂದ ಕೂಲಿಗೆ ಬಂದವರು. ಜೀವಂತವಾಗಿ ಸಿಕ್ಕವರು ಇಬ್ಬರೇ. ತಟರಕ್ಷಣಾ ಪಡೆ, ನೌಕಾಪಡೆಯ ಹಡಗುಗಳು, ಮುಳುಗುಗಾರರು ದಿನಗಟ್ಟಲೆ ಹುಡುಕಿದರು. ಕೆಲವರ ಶವಗಳು ಸಿಕ್ಕವು, ಉಳಿದವರನ್ನು ಕಡಲು ಕೊಡಲಿಲ್ಲ.

ಸುದ್ದಿ ಓದಿದ ದಾವಣಗೆರೆಯ ಯಾರಿಗಾದರೂ ಮೊದಲು ಹುಟ್ಟುವ ಪ್ರಶ್ನೆ ಒಂದೇ. ಸಮುದ್ರ ಅಷ್ಟು ವಿಶಾಲವಾಗಿದೆಯಲ್ಲ, ಅಲ್ಲಿ ಒಂದನ್ನೊಂದು ಗುದ್ದುವುದಾದರೂ ಹೇಗೆ? ಪಿ.ಬಿ. ರಸ್ತೆಯಲ್ಲಿ ಲಾರಿ, ಆಟೊ, ಟ್ರ್ಯಾಕ್ಟರು, ಎತ್ತಿನ ಗಾಡಿ ಎಲ್ಲ ಒಂದೇ ಪಟ್ಟಿಯ ಮೇಲೆ ನುಗ್ಗುವಾಗ ಅಪಘಾತ ಆದರೆ ಅರ್ಥವುಂಟು. ಎತ್ತ ನೋಡಿದರೂ ನೀರೇ ಇರುವಲ್ಲಿ ಎರಡು ವಾಹನಗಳು ಒಂದೇ ಬಿಂದುವಿನಲ್ಲಿ ಸೇರುವುದು ಸೋಜಿಗವೇ ಸರಿ.

ಸೋಜಿಗ ಅಷ್ಟೇನಿಲ್ಲ. ಕಡಲು ವಿಶಾಲವಾದರೂ ಹಡಗುಗಳು ಹೋಗುವ ದಾರಿ ವಿಶಾಲವಲ್ಲ. ಬಂದರಿನಿಂದ ಬಂದರಿಗೆ ಅತಿ ಕಡಿಮೆ ಎಣ್ಣೆ ಸುಡುವ ದಾರಿ ಯಾವುದೋ ಅದನ್ನೇ ಎಲ್ಲ ಕಪ್ತಾನರೂ ಹಿಡಿಯುತ್ತಾರೆ. ಮುಂಬಯಿ ಕಡೆಯಿಂದ ಕೊಚ್ಚಿಗೆ, ಕೊಲಂಬೊಗೆ ಹೋಗುವ ಹಡಗುಗಳು ಕಾರವಾರದಿಂದ ಉಳ್ಳಾಲದವರೆಗಿನ ಮುನ್ನೂರು ಕಿಲೋಮೀಟರಿಗೂ ಮಿಕ್ಕ ಕರ್ನಾಟಕದ ತೀರಕ್ಕೆ ಸಮಾನಾಂತರವಾಗಿ ಸಾಗುತ್ತವೆ. ತೀರದಿಂದ ಮೀನು ಹುಡುಕಿ ಹೊರಟ ಮಲ್ಪೆ, ಮಂಗಳೂರು, ಗಂಗೊಳ್ಳಿಯ ಬೋಟುಗಳು ಆ ದಾರಿಯನ್ನು ಅಡ್ಡ ಹಾಯುತ್ತವೆ, ಇಲ್ಲವೆ ಅದರ ನಡುವೆಯೇ ಬಲೆ ಬಿಟ್ಟು ನಿಲ್ಲುತ್ತವೆ. ಗೆರೆ ಎಳೆಯದ, ಫಲಕ ನೆಡದ ಒಂದು ಹೆದ್ದಾರಿ. ಅದರ ನಡುವೆ ಒಂದು ಸಂತೆ.

ಮಧ್ಯ ಕರ್ನಾಟಕಕ್ಕೂ ಈ ಹೆದ್ದಾರಿಗೂ ಏನು ಸಂಬಂಧ ಎಂದು ಕೇಳಬಹುದು. ಹರಿಹರದಲ್ಲಿ ನಿಂತು ಪಶ್ಚಿಮಕ್ಕೆ ನೇರ ಗೆರೆ ಎಳೆದರೆ ಸಮುದ್ರ ಸುಮಾರು ನೂರೈವತ್ತು ಕಿಲೋಮೀಟರ್. ಊರ ಮುಂದೆ ಹರಿಯುವ ತುಂಗಭದ್ರೆ ಮಾತ್ರ ಅತ್ತ ಮುಖ ಮಾಡುವುದಿಲ್ಲ. ಸಹ್ಯಾದ್ರಿಯಲ್ಲಿ ಅರಬ್ಬಿ ಸಮುದ್ರದ ಹತ್ತಿರವೇ ಹುಟ್ಟಿ, ಬೆನ್ನು ತಿರುಗಿಸಿ, ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಆದರೆ ಸರಕು ನದಿಯ ಮಾತು ಕೇಳುವುದಿಲ್ಲ. ದಾವಣಗೆರೆಯ ಹೊಲಕ್ಕೆ ಬೀಳುವ ‘ಮಂಗಳಾ’ ಯೂರಿಯಾ ತಯಾರಾಗುವುದು ಪಣಂಬೂರಿನ ಬಂದರಿನ ಮಗ್ಗುಲಲ್ಲಿ. ವಿದೇಶದ ಅಡುಗೆ ಅನಿಲ, ತಾಳೆ ಎಣ್ಣೆ, ಕಚ್ಚಾ ತೈಲ ಆ ಬಂದರಿನಲ್ಲೇ ಇಳಿಯುತ್ತವೆ. ಮಂಡಕ್ಕಿ ಜೊತೆಗೆ ಮಿರ್ಚಿ ಕರಿಯುವ ಬಾಣಲೆಯಲ್ಲೂ ಕಡಲು ದಾಟಿ ಬಂದ ಎಣ್ಣೆ ಇರುವ ಸಂಭವ ಉಂಟು.

ಹತ್ತಿಯ ದಾರಿ, ದೀಪದ ದಾರಿ

ಈ ನಂಟು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಹಾಯಿ ಹಡಗುಗಳಲ್ಲಿ ಮುಂಬಯಿಗೆ, ಮುಂಬಯಿಯಿಂದ ಇಂಗ್ಲೆಂಡಿನ ಲಿವರ್‌ಪೂಲಿಗೆ. ಇಂಗ್ಲಿಷ್ ವರ್ತಕರ ಬಾಯಲ್ಲಿ ಆ ಹತ್ತಿಯ ಹೆಸರೇ ‘ಕೂಂಪ್ಟಾ’ ಆಗಿಹೋಯಿತು. ಬೆಳೆದ ಊರಿನ ಹೆಸರು ಬಿದ್ದುಹೋಗಿ ಹಡಗು ಹತ್ತಿದ ಊರಿನ ಹೆಸರು ಉಳಿಯಿತು! ಅಮೆರಿಕದ ಅಂತರ್ಯುದ್ಧದಿಂದ (1861–65) ಅಲ್ಲಿನ ಹತ್ತಿ ನಿಂತಾಗ ಲ್ಯಾಂಕಾಶೈರಿನ ಗಿರಣಿಗಳು ಭಾರತದತ್ತ ಕೈ ಚಾಚಿದವು. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸು ಆಧಿಪತ್ಯದಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆಯೂ ಕಾರವಾರವನ್ನು ಹತ್ತಿಯ ಬಂದರಾಗಿ ಬೆಳೆಸುವ ಆಸೆಯಿತ್ತು. 1864ರಲ್ಲಿ ಕಾರವಾರದೆದುರಿನ ಆಯಿಸ್ಟರ್ ರಾಕ್ ಎಂಬ ಬಂಡೆ ದ್ವೀಪದ ಮೇಲೆ ದೀಪಸ್ತಂಭ ಎದ್ದಿತು.

ಘಟ್ಟದ ಈಚೆಗೂ ಅದೇ ಕಾಲದಲ್ಲಿ ದಾರಿಗಳು ಗಟ್ಟಿಯಾದವು. 1868ರಲ್ಲಿ ಹರಿಹರದಲ್ಲಿ ತುಂಗಭದ್ರೆಗೆ ಕಮಾನು ಸೇತುವೆ ಬಂತು. ಅಲ್ಲಿಯತನಕ ಪ್ರವಾಹದ ದಿನಗಳಲ್ಲಿ ಹರಿಗೋಲೇ ಗತಿ. 1889ರ ಹೊತ್ತಿಗೆ ಬೆಂಗಳೂರಿನಿಂದ ಹರಿಹರಕ್ಕೆ ರೈಲು ಹಳಿ ಮುಟ್ಟಿತು. ಹುಬ್ಬಳ್ಳಿಯಿಂದ ಗೋವೆಯ ಮುರ್ಮುಗೋವೆಗೆ ರೈಲು ಓಡಿದ ಮೇಲೆ ಕುಮಟೆ ಸೊರಗಿತು. ಕಾರವಾರಕ್ಕೆ ಹುಬ್ಬಳ್ಳಿಯ ರೈಲು ಬರಲೇ ಇಲ್ಲ. ದಾವಣಗೆರೆ ಮುಂದೆ ತಾನೇ ಗಿರಣಿಗಳನ್ನು ಕಟ್ಟಿಕೊಂಡು ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿದ್ದು ಬೇರೆಯೇ ಕತೆ.

ದೀಪಸ್ತಂಭವೆಂದರೆ ಹಡಗು ಸಂಚಾರದ ನಿಯಂತ್ರಣವೇನಲ್ಲ. ‘ಇಲ್ಲಿ ಬಂಡೆಯಿದೆ’ ಎಂದಷ್ಟೇ ಅದು ಹೇಳುತ್ತದೆ. ಯಾರು ಬಂದರು, ಯಾರು ಹೋದರು ಎಂದು ಕೇಳುವುದಿಲ್ಲ. ಕೇಳುವ ಪದ್ಧತಿ ಅದಕ್ಕಿಂತ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ನಾವಧ್ಯಕ್ಷ’ ಎಂಬ ಅಧಿಕಾರಿಗೇ ಒಂದು ಅಧ್ಯಾಯ ಮೀಸಲು. ಬಂದರಿಗೆ ಬಂದ ಹಡಗಿನಿಂದ ಸುಂಕ ಎತ್ತುವುದು, ಕಡಲ್ಗಳ್ಳರ ಹಡಗನ್ನು ನಾಶ ಮಾಡುವುದು ಅವನ ಕೆಲಸ. ಬಿರುಗಾಳಿಗೆ ಸಿಕ್ಕು ದಿಕ್ಕೆಟ್ಟು ಬಂದ ಹಡಗನ್ನು ಮಾತ್ರ ತಂದೆಯಂತೆ ನೋಡಿಕೊಳ್ಳಬೇಕು, ನೀರು ನುಗ್ಗಿ ಕೆಟ್ಟ ಸರಕಿಗೆ ಸುಂಕ ಬಿಡಬೇಕು ಇಲ್ಲವೆ ಅರ್ಧಕ್ಕಿಳಿಸಬೇಕು ಎಂಬ ಕಟ್ಟಳೆಯೂ ಅಲ್ಲಿದೆ.

ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಬಂದಾಗ ಈ ಕಟ್ಟಳೆ ದಬ್ಬಾಳಿಕೆಯಾಯಿತು. ‘ಕಾರ್ತಾಜ್’ ಎಂಬ ರಹದಾರಿ ಚೀಟಿ ಇಲ್ಲದೆ ಈ ಕಡಲಲ್ಲಿ ವ್ಯಾಪಾರದ ಹಡಗು ತೇಲುವಂತಿಲ್ಲ ಎಂದರು. ಹಡಗು ಯಾರದು, ಎಷ್ಟು ದೊಡ್ಡದು, ಎಲ್ಲಿಗೆ ಹೋಗುತ್ತದೆ, ಏನು ಹೊತ್ತಿದೆ ಎಲ್ಲವೂ ಚೀಟಿಯಲ್ಲಿ ಇರಬೇಕು. ಇಲ್ಲದ ಹಡಗು ಜಪ್ತಿ. ಉಳ್ಳಾಲದ ರಾಣಿ ಅಬ್ಬಕ್ಕ ಪೋರ್ಚುಗೀಸರೊಡನೆ ಕಾದಾಡಿದ್ದಕ್ಕೆ ಈ ವ್ಯಾಪಾರದ ಕಡಿವಾಣವೇ ಒಂದು ಮುಖ್ಯ ಕಾರಣ. ವಿಚಿತ್ರವೆಂದರೆ, ಆ ಚೀಟಿಯಲ್ಲಿ ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಬಹುಪಾಲನ್ನೇ ಇಂದಿನ ಹಡಗು ತಾನಾಗಿ, ಕೆಲವೇ ಸೆಕೆಂಡಿಗೊಮ್ಮೆ, ಗಾಳಿಗೆ ಹೇಳುತ್ತ ಹೋಗುತ್ತದೆ. ಆ ಮಾತು ಮುಂದೆ ಬರುತ್ತದೆ.

ರಸ್ತೆಯಲ್ಲಿ ಎಡ, ಕಡಲಲ್ಲಿ ಬಲ

ಮೊದಲು ನಿಯಮ ನೋಡೋಣ. ಭಾರತದ ರಸ್ತೆಯಲ್ಲಿ ಎಡಕ್ಕೆ ಚಲಿಸಬೇಕು. ಕಡಲಲ್ಲಿ, ಯಾವ ದೇಶದ ಹಡಗೇ ಆಗಲಿ, ಬಲಕ್ಕೆ. ಎದುರುಬದುರು ಬಂದ ಎರಡು ಹಡಗುಗಳೂ ಬಲಕ್ಕೆ ಹೊರಳಿ ಪರಸ್ಪರ ಎಡಮಗ್ಗುಲು ತೋರಿಸಿ ಸಾಗಬೇಕು. ಅಡ್ಡ ಹಾಯುವಾಗ, ಯಾರ ಬಲಗಡೆ ಇನ್ನೊಂದು ಹಡಗು ಕಾಣುತ್ತದೋ ಅವರು ದಾರಿ ಬಿಡಬೇಕು. ರಾತ್ರಿ ಹಡಗಿನ ಎಡಬದಿಗೆ ಕೆಂಪು ದೀಪ, ಬಲಬದಿಗೆ ಹಸಿರು. ಬಲಗಡೆಯಿಂದ ಅಡ್ಡ ಬರುವ ಹಡಗಿನ ಕೆಂಪು ಬದಿ ಕಂಡರೆ ದಾರಿ ಬಿಡುವ ಸರದಿ ನೋಡಿದವನದು; ರಸ್ತೆಯ ಕೆಂಪಿನ ಅರ್ಥವೂ ಹೆಚ್ಚು ಕಡಿಮೆ ಅದೇ. ಟ್ರಾಲ್ ಬಲೆ ಎಳೆಯುತ್ತಿರುವ ಬೋಟು ಹಸಿರು ದೀಪದ ಕೆಳಗೆ ಬಿಳಿ ದೀಪ ಉರಿಸಬೇಕು. ಬೇರೆ ಬಗೆಯ ಬಲೆಯಾದರೆ ಕೆಂಪಿನ ಕೆಳಗೆ ಬಿಳಿ. 1972ರಲ್ಲಿ ರೂಪಿಸಿ 1977ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ಡಿಕ್ಕಿ ತಡೆ ನಿಯಮಾವಳಿಯಲ್ಲಿ ಇವೆಲ್ಲ ಇವೆ.

ಡಿಕ್ಕಿಯಾಗಲಿದೆ ಎಂದು ತಿಳಿಯುವುದು ಹೇಗೆ? ಇದಕ್ಕೆ ನಾವಿಕರ ಒಂದು ಹಳೆಯ ಲೆಕ್ಕವಿದೆ, ಯಂತ್ರ ಬೇಡ. ದೂರದ ಹಡಗು ಯಾವ ದಿಕ್ಕಿನಲ್ಲಿದೆ ಎಂದು ದಿಕ್ಸೂಚಿಯಲ್ಲಿ ಗುರುತಿಸಿಕೊಳ್ಳಬೇಕು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಬೇಕು. ದಿಕ್ಕು ಬದಲಾಗುತ್ತ ಹೋದರೆ ಭಯವಿಲ್ಲ. ದಿಕ್ಕು ಹಾಗೆಯೇ ಇದ್ದು ಹಡಗು ಮಾತ್ರ ದೊಡ್ಡದಾಗುತ್ತ ಬಂದರೆ ಅಪಾಯ ಖಚಿತ. ಗಾಂಧಿ ಸರ್ಕಲ್ಲಿಗೆ ಎರಡು ರಸ್ತೆಗಳಿಂದ ಸೈಕಲ್ ತುಳಿದು ಬರುವ ಇಬ್ಬರು ಹುಡುಗರನ್ನು ಊಹಿಸಿಕೊಳ್ಳಿ. ಒಬ್ಬನ ಕಣ್ಣಿಗೆ ಇನ್ನೊಬ್ಬ ಸದಾ ಅದೇ ಓರೆಯಲ್ಲಿ ಕಾಣುತ್ತಿದ್ದರೆ, ಸರ್ಕಲ್ಲಿನಲ್ಲಿ ಅವರ ಮುಂದಿನ ಗಾಲಿಗಳು ಕೂಡುತ್ತವೆ.

ಸೈಕಲ್ಲಿಗೆ ಬ್ರೇಕ್ ಉಂಟು. ಹಡಗಿಗೆ ಆ ಅರ್ಥದಲ್ಲಿ ಬ್ರೇಕೇ ಇಲ್ಲ. ಎಂಜಿನ್ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ತನ್ನ ಭಾರದ ಓಟ ಸವೆಯುವತನಕ ಕಾಯಬೇಕು. ಸರಕು ತುಂಬಿದ ದೊಡ್ಡ ಟ್ಯಾಂಕರ್ ಹೀಗೆ ನಿಲ್ಲಲು ಹಲವು ಕಿಲೋಮೀಟರ್ ತೆಗೆದುಕೊಳ್ಳುತ್ತದೆ. ಗಂಟೆಗೆ 18 ನಾಟಿಕಲ್ ಮೈಲಿ ವೇಗದ ಕಂಟೈನರ್ ಹಡಗಿಗೆ ಮೂರು ಮೈಲಿ ಮುಂದೆ ಬಲೆ ಬಿಟ್ಟು ನಿಂತ ಬೋಟಿನ ದೀಪ ಕಂಡಿತೆನ್ನಿ. ಮಧ್ಯೆ ಇರುವ ಕಾಲ ಹತ್ತೇ ನಿಮಿಷ. ಅಷ್ಟರಲ್ಲಿ ನೋಡಬೇಕು, ಅಳೆಯಬೇಕು, ತೀರ್ಮಾನಿಸಬೇಕು, ಹೊರಳಬೇಕು. ಕಂಟೈನರ್ ರಾಶಿ ಹೊತ್ತ ಹಡಗಿನ ಚಾಲನಾ ಕೊಠಡಿಯಿಂದ ಮೂತಿಯ ಮುಂದಿನ ನೀರು ಕಾಣುವುದೇ ಇಲ್ಲ. ಈ ಮರೆ ಹಡಗಿನ ಎರಡು ಪಟ್ಟು ಉದ್ದ ಅಥವಾ 500 ಮೀಟರ್, ಯಾವುದು ಕಡಿಮೆಯೋ ಅದನ್ನು ಮೀರಬಾರದೆಂದು ಅಂತಾರಾಷ್ಟ್ರೀಯ ನಿಯಮ ಹೇಳುತ್ತದೆ. ನಿಯಮ ಪಾಲಿಸಿದರೂ ಅರ್ಧ ಕಿಲೋಮೀಟರ್ ಕುರುಡು! ಆ ಅರ್ಧ ಕಿಲೋಮೀಟರಿನೊಳಗೆ ಬಂದ ನಾಡದೋಣಿಯ ಪಾಡು ಹೇಳಬೇಕಾಗಿಲ್ಲ.

ಮಂಜಿನಲ್ಲಿ ಹುಟ್ಟಿದ ವಿದ್ಯೆ

ತೀರದಲ್ಲಿ ಕುಳಿತು ಹಡಗುಗಳಿಗೆ ದಾರಿ ಹೇಳುವ ಪದ್ಧತಿ ಶುರುವಾದದ್ದು 1948ರಲ್ಲಿ. ಬ್ರಿಟನ್ನಿನ ಐಲ್ ಆಫ್ ಮ್ಯಾನ್ ದ್ವೀಪದ ಡಗ್ಲಸ್ ಬಂದರಿನಲ್ಲಿ ಫೆಬ್ರುವರಿಯಲ್ಲಿ, ಲಿವರ್‌ಪೂಲಿನಲ್ಲಿ ಜುಲೈಯಲ್ಲಿ ರೇಡಾರ್ ಕೇಂದ್ರಗಳು ಕಣ್ಣು ತೆರೆದವು. ಕುಮಟೆಯ ಹತ್ತಿ ಇಳಿಯುತ್ತಿದ್ದ ಅದೇ ಲಿವರ್‌ಪೂಲ್. ಅಲ್ಲಿ ಮಂಜು ಕವಿದರೆ ಹಡಗುಗಳು ಹೊರಗೆ ಸಾಲುಗಟ್ಟಿ ನಿಲ್ಲಬೇಕಾಗುತ್ತಿತ್ತು. ಯುದ್ಧಕಾಲದಲ್ಲಿ ಶತ್ರು ವಿಮಾನ ಹಿಡಿಯಲು ಬೆಳೆದ ಯಂತ್ರ ಶಾಂತಿಕಾಲದಲ್ಲಿ ಮಂಜಿನೊಳಗೆ ಹಡಗು ನಡೆಸಲು ಒದಗಿತು.

ಆದರೆ ಕಡಲಿನಲ್ಲಿ ‘ಏಕಮುಖ ಸಂಚಾರ’ ಜಾರಿಗೆ ಬರಲು ಹೆಣಗಳು ಬೀಳಬೇಕಾಯಿತು. ಇಂಗ್ಲೆಂಡ್ ಮತ್ತು ಫ್ರಾನ್ಸಿನ ನಡುವಿನ ಡೋವರ್ ಜಲಸಂಧಿಯಲ್ಲಿ 1967ರಲ್ಲೇ ಹೋಗುವ ಪಥ, ಬರುವ ಪಥ ಎಂದು ನಕ್ಷೆಯ ಮೇಲೆ ಬೇರ್ಪಡಿಸಿದ್ದರು. ಪಾಲಿಸುವುದು ಬಿಡುವುದು ಕಪ್ತಾನನ ಇಷ್ಟ. 1971ರ ಜನವರಿ 11ರಂದು ‘ಟೆಕ್ಸಾಕೊ ಕೆರಿಬಿಯನ್’ ಎಂಬ ಟ್ಯಾಂಕರಿಗೆ ಇನ್ನೊಂದು ಹಡಗು ಗುದ್ದಿತು, ಟ್ಯಾಂಕರ್ ಸಿಡಿದು ಮುಳುಗಿತು. ಮರುದಿನ ಜರ್ಮನಿಯ ‘ಬ್ರಾಂಡೆನ್‌ಬರ್ಗ್’ ಆ ಅವಶೇಷಕ್ಕೆ ತಾಗಿ ಮುಳುಗಿತು. ಅಲ್ಲಿ ದೀಪದ ಬೋಯಾಗಳನ್ನು ಇಟ್ಟು ಎಚ್ಚರಿಸಿದ್ದರೂ ಫೆಬ್ರುವರಿ ಕೊನೆಯಲ್ಲಿ ಗ್ರೀಸಿನ ‘ನಿಕ್ಕಿ’ ಬಂದು ಅದೇ ಜಾಗದಲ್ಲಿ ಮುಳುಗಿತು. ಏಳು ವಾರಗಳಲ್ಲಿ ಒಂದೇ ಜಾಗದಲ್ಲಿ ಮೂರು ಹಡಗು, ಸುಮಾರು ಐವತ್ತು ಸಾವು. ಆಮೇಲೆ ಪಥ ಪಾಲನೆ ಕಡ್ಡಾಯವಾಯಿತು. ಇಂದು ಜಗತ್ತಿನ ಇಕ್ಕಟ್ಟಾದ ಕಡಲುಗಳಲ್ಲೆಲ್ಲ ಇಂಥ ಪಥಗಳಿವೆ. ಪಥದಲ್ಲಿ ಸಾಗುವ ಹಡಗಿಗೆ ಮೀನುಗಾರಿಕೆ ಬೋಟು ಅಡ್ಡಿಯಾಗಬಾರದು ಎಂಬ ನಿಯಮವೂ ಜೊತೆಗೇ ಬಂದಿದೆ.

ಪರದೆಯ ಮುಂದೆ ಕುಳಿತವರು

ಬಂದರಿನ ಸಂಚಾರ ನಿಯಂತ್ರಣ ಕೊಠಡಿಯಲ್ಲಿ ಮೂರು ಸಾಧನಗಳು ಮುಖ್ಯ. ಒಂದು ರೇಡಾರ್. ಬಾವಿಗೆ ಬಾಗಿ ಕೂಗಿದರೆ ಮರುದನಿ ಬರುತ್ತದಲ್ಲ, ಹಾಗೆ ರೇಡಿಯೊ ಅಲೆಯನ್ನು ಕಳಿಸಿ, ಹಡಗಿಗೆ ಬಡಿದು ಮರಳಿದ್ದನ್ನು ಪರದೆಯ ಮೇಲೆ ಚುಕ್ಕೆಯಾಗಿ ತೋರಿಸುವ ಯಂತ್ರ. ಇಲ್ಲಿ ಏನೋ ಇದೆ ಎಂದು ಅದು ಹೇಳುತ್ತದೆ, ಯಾರು ಎಂದು ಹೇಳುವುದಿಲ್ಲ. ಅದಕ್ಕೆ ಎರಡನೆಯ ಸಾಧನ ಬೇಕು: ಎಐಎಸ್ ಎಂದು ಕರೆಯುವ ಸ್ವಯಂಚಾಲಿತ ಗುರುತು ಪೆಟ್ಟಿಗೆ. ಅಂತಾರಾಷ್ಟ್ರೀಯ ಯಾನದ 300 ಟನ್ನೇಜ್ ಮೀರಿದ ಹಡಗುಗಳಲ್ಲೆಲ್ಲ 2004ರ ಕೊನೆಯಿಂದ ಇದು ಕಡ್ಡಾಯ. ಹಡಗಿನ ಹೆಸರು, ಒಂಬತ್ತು ಅಂಕಿಯ ಗುರುತು ಸಂಖ್ಯೆ, ಇರುವ ಸ್ಥಳ, ವೇಗ, ಮುಖ ಮಾಡಿದ ದಿಕ್ಕು, ಹೋಗುವ ಬಂದರು ಇವನ್ನೆಲ್ಲ ಅದು ರೇಡಿಯೊದಲ್ಲಿ ಬಿತ್ತರಿಸುತ್ತದೆ. ಓಡುತ್ತಿರುವ ಹಡಗು ತನ್ನ ಸ್ಥಾನವನ್ನು ವೇಗಕ್ಕೆ ತಕ್ಕಂತೆ ಎರಡರಿಂದ ಹತ್ತು ಸೆಕೆಂಡಿಗೊಮ್ಮೆ, ಲಂಗರು ಹಾಕಿದ್ದರೆ ಮೂರು ನಿಮಿಷಕ್ಕೊಮ್ಮೆ ಹೇಳುತ್ತದೆ. ಭಾರತದ ಹಡಗಾದರೆ ಗುರುತು ಸಂಖ್ಯೆಯ ಮೊದಲ ಮೂರು ಅಂಕಿ 419. ನಾನೂರು ವರ್ಷ ಹಿಂದಿನ ಕಾರ್ತಾಜ್ ಚೀಟಿಯ ಪ್ರಶ್ನೆಗಳಿಗೆ ಇದೇ ಉತ್ತರ.

ಮೂರನೆಯದು ಮಾತು. ವಿಎಚ್ಎಫ್ ರೇಡಿಯೊದ 16ನೆಯ ಚಾನಲ್ ಅನ್ನು ಎಲ್ಲ ಹಡಗುಗಳೂ ಕಿವಿಗೊಟ್ಟು ಕೇಳುತ್ತಿರಬೇಕು. ಕರೆಯುವುದಕ್ಕೂ ಆಪತ್ತಿಗೂ ಅದೇ. ಕೊಠಡಿಯ ಸಿಬ್ಬಂದಿ ‘ನಿಮ್ಮ ಮುಂದೆ ಇಂಥ ಹಡಗಿದೆ’ ಎಂದು ಸುದ್ದಿ ಕೊಡಬಹುದು, ‘ಪಥ ಖಾಲಿಯಾಗುವತನಕ ಒಳಗೆ ಬರಬೇಡಿ’ ಎಂದು ತಡೆಯಬಹುದು. ಚುಕ್ಕಾಣಿಯನ್ನು ಇಷ್ಟು ಡಿಗ್ರಿ ತಿರುಗಿಸಿ ಎಂದು ಮಾತ್ರ ಸಾಮಾನ್ಯವಾಗಿ ಹೇಳುವುದಿಲ್ಲ. ಹಡಗು ನಡೆಸುವ ಹೊಣೆ ಕಪ್ತಾನನದೇ. ವಿಮಾನ ನಿಲ್ದಾಣದ ನಿಯಂತ್ರಣ ಗೋಪುರಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು.

ನವಮಂಗಳೂರು ಬಂದರು ಇದಕ್ಕೆ ಹತ್ತಿರದ ಉದಾಹರಣೆ. 1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಣೆಯಾದ ಇದನ್ನು 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಪ್ರಕೃತಿ ಕೊಟ್ಟ ಕೊಲ್ಲಿಯಲ್ಲ. ಪಣಂಬೂರಿನ ಮರಳು ತೀರವನ್ನು ಅಗೆದು, ಎರಡು ಅಲೆತಡೆ ಗೋಡೆ ಕಟ್ಟಿ ಮಾಡಿದ ಕೊಳ. ಒಳಗೆ ಬರಲು ಸುಮಾರು ಏಳೂವರೆ ಕಿಲೋಮೀಟರ್ ಉದ್ದದ, ಹೂಳೆತ್ತಿ ಆಳ ಕಾಯ್ದುಕೊಂಡ ಕಾಲುವೆಯಂಥ ದಾರಿಯಿದೆ. ಆ ದಾರಿಯಲ್ಲಿ ದೊಡ್ಡ ಹಡಗುಗಳು ಎದುರುಬದುರಾಗಬಾರದು. ಆದ್ದರಿಂದ ಬಂದ ಹಡಗು ಹೊರಗೆ ಲಂಗರು ಹಾಕಿ ರೇಡಿಯೊದಲ್ಲಿ ಸರದಿ ಕೇಳುತ್ತದೆ. ಸರದಿ ಬಂದಾಗ ಬಂದರಿನ ಪೈಲಟ್ ದೋಣಿಯಲ್ಲಿ ಹೋಗಿ, ಹಡಗಿನ ಪಕ್ಕೆಗೆ ತೂಗುಬಿಟ್ಟ ಹಗ್ಗದ ಏಣಿ ಹತ್ತಿ, ಕಪ್ತಾನನ ಮಗ್ಗುಲಲ್ಲಿ ನಿಂತು ದಾರಿ ಹೇಳುತ್ತಾನೆ. ಟಗ್ ದೋಣಿಗಳು ಎಳೆದು ತಳ್ಳಿ ಕಟ್ಟೆಗೆ ಸೇರಿಸುತ್ತವೆ. ಮಳೆಗಾಲದ ಅಲೆಯಲ್ಲಿ ಆ ಏಣಿ ಹತ್ತುವುದು ಎಂಥ ಕೆಲಸವೆಂದು ನೋಡಿದವರಿಗೇ ಗೊತ್ತು. ಅತಿ ದೊಡ್ಡ ಕಚ್ಚಾ ತೈಲದ ಟ್ಯಾಂಕರುಗಳು ಒಳಗೆ ಬರುವುದೇ ಇಲ್ಲ. ತೀರದಿಂದ ಹದಿನೈದು ಕಿಲೋಮೀಟರಿಗೂ ಆಚೆ ನೆಲೆ ನಿಲ್ಲಿಸಿದ ತೇಲುಬೋಯಾಕ್ಕೆ ಕಟ್ಟಿಕೊಂಡು, ಕಡಲ ತಳದ ಕೊಳವೆಗೆ ಎಣ್ಣೆ ಸುರಿದು ಹೋಗುತ್ತವೆ.

ದೇಶದ ದೊಡ್ಡ ನಿಯಂತ್ರಣ ಜಾಲ ಇರುವುದು ಗುಜರಾತಿನ ಕಛ್ ಕೊಲ್ಲಿಯಲ್ಲಿ. ಭಾರತಕ್ಕೆ ಬರುವ ಕಚ್ಚಾ ತೈಲದ ದೊಡ್ಡ ಪಾಲು ಆ ಕೊಲ್ಲಿಯ ಬಂದರುಗಳಲ್ಲಿ ಇಳಿಯುತ್ತದೆ. ಅದನ್ನು ನಡೆಸುವುದು ದೀಪಸ್ತಂಭಗಳ ಮಹಾನಿರ್ದೇಶನಾಲಯ. ದೇಶದ ಎಪ್ಪತ್ತಕ್ಕೂ ಹೆಚ್ಚು ದೀಪಸ್ತಂಭಗಳ ಮೇಲೆ ಎಐಎಸ್ ಗ್ರಾಹಕಗಳನ್ನು ಕೂರಿಸಿ ಕರಾವಳಿಯುದ್ದಕ್ಕೂ ಜಾಲ ಹೆಣೆದದ್ದೂ ಅದೇ ಇಲಾಖೆ. ದೀಪ ತೋರಿಸುತ್ತಿದ್ದ ಗೋಪುರ ಈಗ ಕಿವಿಯೂ ಆಗಿದೆ. 1927ರ ಲೈಟ್‌ಹೌಸ್ ಕಾಯ್ದೆಯನ್ನು ತೆಗೆದು 2021ರಲ್ಲಿ ತಂದ ಹೊಸ ಕಾಯ್ದೆಯಲ್ಲಿ ಹಡಗು ಸಂಚಾರ ಸೇವೆಗೂ, ಅದನ್ನು ನಡೆಸುವವರ ತರಬೇತಿಗೂ ಸ್ಥಾನ ಸಿಕ್ಕಿದೆ. 2008ರ ಮುಂಬಯಿ ದಾಳಿಯ ಬಳಿಕ ತಟರಕ್ಷಣಾ ಪಡೆ ಬೇರೆಯಾಗಿ ತನ್ನದೇ ಕಾವಲು ರೇಡಾರ್ ಸರಪಳಿ ಕಟ್ಟಿದೆ.

ಇಷ್ಟೆಲ್ಲ ಇದ್ದೂ ಅಪಘಾತ ತಪ್ಪುತ್ತದೆ ಎಂದಲ್ಲ. 2010ರ ಆಗಸ್ಟ್ 7ರಂದು ಮುಂಬಯಿ ಬಂದರಿನ ಬಾಯಲ್ಲೇ, ಹಗಲಿನಲ್ಲೇ, ಹೊರಹೋಗುತ್ತಿದ್ದ ‘ಎಂಎಸ್‌ಸಿ ಚಿತ್ರಾ’ಕ್ಕೂ ಒಳಬರುತ್ತಿದ್ದ ‘ಖಲೀಜಿಯಾ-3’ಕ್ಕೂ ಡಿಕ್ಕಿಯಾಯಿತು. ನೂರಾರು ಕಂಟೈನರುಗಳು ನೀರಿಗೆ ಬಿದ್ದವು, ನೂರಾರು ಟನ್ ಎಣ್ಣೆ ಸೋರಿತು, ಬಂದರು ದಿನಗಟ್ಟಲೆ ಮುಚ್ಚಿತು. ಕಾರವಾರದಲ್ಲಿ ಇನ್ನೂ ವ್ಯಂಗ್ಯ. 2006ರ ಮೇ 30ರಂದು ‘ಓಷನ್ ಸೆರಾಯ’ ಎಂಬ ಹಡಗು ಬಡಿದದ್ದು 1864ರಿಂದ ದೀಪ ಹೊತ್ತು ನಿಂತ ಅದೇ ಆಯಿಸ್ಟರ್ ರಾಕ್ ಬಂಡೆಗಳಿಗೆ. ಮುಂಗಾರು ಹೊಡೆತದಲ್ಲಿ ಹಡಗು ಮುರಿದು, ಇಂಧನ ತೈಲ ತೀರಕ್ಕೆ ಹರಡಿತು.

ಹಡಗು ಸರಿಯಾದ ದಾರಿಯಲ್ಲಿದ್ದೂ ಮುಳುಗಬಹುದು. ಬಳ್ಳಾರಿ ಸೀಮೆಯ ಅದಿರು ಮಂಗಳೂರು, ಬೇಲೆಕೇರಿಗಳಿಂದ ಚೀನಾಕ್ಕೆ ಹೊಳೆಯಂತೆ ಹರಿಯುತ್ತಿದ್ದ ಕಾಲದಲ್ಲಿ, 2009ರ ಜುಲೈಯಲ್ಲಿ, ಹದಿಮೂರು ಸಾವಿರಕ್ಕೂ ಹೆಚ್ಚು ಟನ್ ಅದಿರು ಪುಡಿ ಹೊತ್ತ ‘ಏಷಿಯನ್ ಫಾರೆಸ್ಟ್’ ನವಮಂಗಳೂರು ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ವಾಲಿ ಮುಳುಗಿತು. ಮಳೆಗೆ ನೆನೆದ ಅದಿರು ಹಡಗಿನ ಕುಲುಕಾಟಕ್ಕೆ ಕೆಸರಾಗಿ ಒಂದೇ ಮಗ್ಗುಲಿಗೆ ಜಾರುವುದು ಇಂಥ ಹಡಗುಗಳಿಗೆ ಗೊತ್ತಿರುವ ಗಂಡಾಂತರ. ಹದಿನೆಂಟು ಚೀನೀ ನಾವಿಕರನ್ನು ತಟರಕ್ಷಣಾ ಪಡೆ ಉಳಿಸಿತು. 2025ರ ಜೂನ್ 9ರಂದು ಕೇರಳದಾಚೆ ‘ವಾನ್ ಹೈ 503’ ಹೊತ್ತಿ ಉರಿದಾಗ ಪಾರಾದ ಹದಿನೆಂಟು ಮಂದಿಯನ್ನು ನೌಕಾಪಡೆಯ ‘ಐಎನ್ಎಸ್ ಸೂರತ್’ ಕರೆತಂದದ್ದೂ ಮಂಗಳೂರಿಗೇ; ನಾಲ್ವರು ಕಾಣೆಯಾದರು.

ಪರದೆಗೆ ಕಾಣದ ಬೋಟು

ಈಗ ‘ರಬಾ’ಕ್ಕೆ ಮರಳಬೇಕು. ಭೂಮಿ ದುಂಡಗಿರುವುದರಿಂದ ರೇಡಾರಿಗೂ ದಿಗಂತವಿದೆ. ಐವತ್ತು ಮೀಟರ್ ಎತ್ತರದ ಗೋಪುರದ ಮೇಲೆ ರೇಡಾರ್ ಕೂರಿಸಿದರೂ ಸುಮಾರು 29 ಕಿಲೋಮೀಟರಿನಾಚೆ ನೀರಿನ ಮಟ್ಟ ಅದರ ಕಣ್ಣಿಗೆ ಮರೆಯಾಗುತ್ತದೆ. ಎತ್ತರದ ಹಡಗು ಇನ್ನಷ್ಟು ದೂರಕ್ಕೂ ಕಂಡೀತು. ನೀರಿಗಂಟಿದಂತಿರುವ ಬೋಟು ಕಾಣದು. ಎಂಬತ್ತು ಕಿಲೋಮೀಟರ್ ದೂರದಲ್ಲಿ ಮೀನು ಹಿಡಿಯುವವನಿಗೆ ಬಂದರಿನ ಕೊಠಡಿ ಇದ್ದೂ ಇಲ್ಲದಂತೆ. ಅಲ್ಲಿ ಉಳಿಯುವುದು ಎರಡು ಕಡೆಯ ಕಣ್ಣು ಮಾತ್ರ. ಆ ಕಣ್ಣಿನ ಕಷ್ಟವೂ ಸಣ್ಣದಲ್ಲ. ಮರ ಅಥವಾ ಫೈಬರಿನ ಬೋಟು ರೇಡಾರ್ ಅಲೆಯನ್ನು ಉಕ್ಕಿನಂತೆ ಹಿಂದಿರುಗಿಸುವುದಿಲ್ಲ. ಅಲೆ ಎದ್ದ ದಿನ ಅದರ ಚುಕ್ಕೆ ಅಲೆಗಳ ಚುಕ್ಕೆಗಳಲ್ಲಿ ಕರಗಿಹೋಗುತ್ತದೆ. ರಾತ್ರಿಯೆಲ್ಲ ಬಲೆ ಎಳೆದು ದಣಿದ ತಂಡ ಬೆಳಗಿನ ಜಾವ ನಿದ್ದೆ ಹೋಗುವುದುಂಟು. ಇನ್ನು ಮಾತು: ಹಡಗಿನ ರೇಡಿಯೊ ಇಂಗ್ಲಿಷಿನಲ್ಲಿ ಕೂಗುತ್ತದೆ. ಬೋಟಿನ ತಾಂಡೇಲನ ಮಾತು ತುಳು, ಕೊಂಕಣಿ, ಮಲಯಾಳ; ದುಡಿಯುವವರದು ಒಡಿಯಾ, ಬಂಗಾಳಿ, ತಮಿಳು. ಎಚ್ಚರಿಕೆ ಕೇಳಿಸಿದರೂ ಅದು ತಮಗೇ ಎಂದು ತಿಳಿಯಬೇಕಲ್ಲ.

ಮಲ್ಪೆಯ ‘ಸುವರ್ಣ ತ್ರಿಭುಜ’ವನ್ನು ಕರಾವಳಿ ಇನ್ನೂ ಮರೆತಿಲ್ಲ. ಏಳು ಮಂದಿ ಮೀನುಗಾರರೊಡನೆ ಹೊರಟ ಆ ಬೋಟು 2018ರ ಡಿಸೆಂಬರ್ 15ರ ನಂತರ ಸಂಪರ್ಕಕ್ಕೆ ಸಿಗಲಿಲ್ಲ. ನಾಲ್ಕೂವರೆ ತಿಂಗಳ ನಂತರ, 2019ರ ಮೇ 1ರಂದು, ಮಹಾರಾಷ್ಟ್ರದ ಮಾಲ್ವಣ್ ಸಮೀಪದ ಕಡಲ ತಳದಲ್ಲಿ ನೌಕಾಪಡೆಯ ಮುಳುಗುಗಾರರು ಅದರ ಅವಶೇಷ ಕಂಡರು. ದೊಡ್ಡ ಹಡಗೊಂದು ಬಡಿದಿರಬೇಕೆಂಬ ಅನುಮಾನ ಮೀನುಗಾರರಲ್ಲಿ ಬಲವಾಗಿತ್ತು. ಏಳು ಮನೆಗಳಿಗೆ ಸಿಕ್ಕ ಉತ್ತರ ಅನುಮಾನವಷ್ಟೇ.

2020ರ ಆಗಸ್ಟ್ 1ರಿಂದ ನೈಋತ್ಯ ಭಾರತದ ಕಡಲಲ್ಲಿ ವ್ಯಾಪಾರಿ ಹಡಗುಗಳ ದಾರಿಯನ್ನು ಮೀನುಗಾರರ ದಾರಿಯಿಂದ ಬೇರ್ಪಡಿಸುವ ಆದೇಶವನ್ನು ಕೇಂದ್ರ ಸರ್ಕಾರ ಜಾರಿಗೆ ತಂದಿತು. ‘ರಬಾ’ ಮುಳುಗಿದ್ದು ಅದಾದ ಎಂಟು ತಿಂಗಳಿಗೆ. ನಕ್ಷೆಯ ಮೇಲಿನ ಗೆರೆಯನ್ನು ಮೀನು ಓದುವುದಿಲ್ಲ, ಮೀನಿರುವಲ್ಲಿಗೆ ಬೋಟು ಹೋಗಲೇಬೇಕು ಎಂಬುದು ಒಂದು ಕಷ್ಟ. ಹಡಗಿನ ಚುಕ್ಕಾಣಿಯವನಿಗೆ ಬೋಟು ಎಲ್ಲಿದೆಯೆಂದು ಮೊದಲೇ ತಿಳಿಯದಿದ್ದರೆ ಗೆರೆಯಿಂದ ಅರ್ಧ ಪ್ರಯೋಜನ ಮಾತ್ರ ಎಂಬುದು ಇನ್ನೊಂದು.

ಹೀಗಾಗಿ ಈಗಿನ ಒತ್ತು ಬೋಟುಗಳ ಮೇಲೆಯೇ ಪೆಟ್ಟಿಗೆ ಕೂರಿಸುವುದರ ಮೇಲಿದೆ. 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರಿನಲ್ಲಿ ಚಾಲನೆಗೊಂಡ ಯೋಜನೆಯಲ್ಲಿ ದೇಶದ ಒಂದು ಲಕ್ಷ ಬೋಟುಗಳಿಗೆ ಇಸ್ರೊ ರೂಪಿಸಿದ ಟ್ರಾನ್ಸ್‌ಪಾಂಡರ್ ಅಳವಡಿಸುವ ಗುರಿಯಿದೆ. ಮೊಬೈಲ್ ಗೋಪುರದ ವ್ಯಾಪ್ತಿ ಮುಗಿದ ಮೇಲೂ ಇದು ಉಪಗ್ರಹದ ಮೂಲಕ ಬೋಟಿನ ಸ್ಥಾನವನ್ನು ತೀರಕ್ಕೆ ತಿಳಿಸುತ್ತದೆ. ತೀರದಿಂದ ಹವಾಮಾನದ ಎಚ್ಚರಿಕೆ ಬೋಟಿಗೆ ತಲುಪುತ್ತದೆ, ಆಪತ್ತಿನಲ್ಲಿ ಬೋಟಿನವನು ಗುಂಡಿ ಒತ್ತಿ ಸುದ್ದಿ ಕಳಿಸಬಹುದು. ಸಂದೇಶ ತಾಂಡೇಲನ ಮೊಬೈಲಿಗೆ ಅವನ ಭಾಷೆಯಲ್ಲೇ ಬರುವಂತೆ ಮಾಡಿರುವುದು ಇದರ ನಿಜವಾದ ಗುಣ. ಕಳ್ಳ ಮೀನುಗಾರಿಕೆ ಹಿಡಿಯಲೆಂದೇ ಇದನ್ನು ಹಾಕುತ್ತಾರೇನೋ, ಒಳ್ಳೆಯ ಮೀನಿನ ಜಾಗ ಬಯಲಾದೀತೇನೋ ಎಂಬ ಶಂಕೆ ಬೋಟಿನವರಿಗೆ ಬಂದರೆ ಆಶ್ಚರ್ಯವಿಲ್ಲ. ಜಾಗದ ಗುಟ್ಟು ಅವರ ಬಂಡವಾಳ.

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿಗಾಗಿ ಮಾಡಿದ ನಿಷೇಧವಾದರೂ, ಬಿರುಸಾದ ಕಡಲಲ್ಲಿ ಹಡಗು–ಬೋಟು ಮುಖಾಮುಖಿಯಾಗುವುದನ್ನೂ ಅದು ತಪ್ಪಿಸುತ್ತದೆ. ಆಗಸ್ಟಿನಲ್ಲಿ ಹೆದ್ದಾರಿಯ ನಡುವೆ ಸಂತೆ ಮತ್ತೆ ಕೂಡುತ್ತದೆ. ರಜೆಯಲ್ಲಿ ಮಲ್ಪೆ, ಮುರ್ಡೇಶ್ವರ, ಗೋಕರ್ಣದ ಕಡೆ ಹೋಗುವ ದಾವಣಗೆರೆ, ಹರಿಹರದವರು ಗುರುತು ಹಾಕಿಕೊಳ್ಳಬಹುದಾದ ಸಂಖ್ಯೆಯೊಂದಿದೆ: ಕಡಲಲ್ಲಿ ಯಾರೇ ಆಪತ್ತಿನಲ್ಲಿರುವುದು ಕಂಡರೆ ತಟರಕ್ಷಣಾ ಪಡೆಗೆ 1554ಕ್ಕೆ ಕರೆ ಮಾಡಬೇಕು, ಕರೆಗೆ ಹಣವಿಲ್ಲ.